ಮುಂದಿನ ಎಡಗಡೆ ಸೀಟು

ಎಂಜಿನ್ ಶುರುವಾದ ಕ್ಷಣಕ್ಕೇ ಡ್ಯಾಶ್‌ಬೋರ್ಡಿನ ಆಯಿಲ್ ದೀಪವೂ ಏರ್‌ಬ್ಯಾಗ್ ದೀಪವೂ ಒಟ್ಟಿಗೆ ಆರಿದವು. ಹಾಗೆ ಆಗಬಾರದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿಕೊಂಡು, ಎಂಜಿನ್ ಶುರುವಾಗದಿದ್ದರೂ ಕೆಲವು ಸೆಕೆಂಡುಗಳಲ್ಲಿ ತಾನಾಗಿ ಆರಬೇಕು. ಇದು ಆಯಿಲ್ ದೀಪಕ್ಕಾಗಿ ಕಾಯುತ್ತಿತ್ತು. ಏರ್‌ಬ್ಯಾಗ್ ಕೆಟ್ಟಿದ್ದರೆ ಅದರ ದೀಪ ಆರುವುದೇ ಇಲ್ಲ; ಅದು ತಿಳಿಯದಿರಲೆಂದು ಯಾರೋ ಎರಡರ ವೈರನ್ನೂ ಸೇರಿಸಿದ್ದರು.

2023ರಲ್ಲಿ ನಾನು ಶಿರಾದಲ್ಲಿದ್ದುಕೊಂಡು, ಸುತ್ತಲ ತಾಲ್ಲೂಕುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಗಾಡಿ ಪರೀಕ್ಷಿಸಿ ವರದಿ ಕೊಡುವ ಕೆಲಸ ಮಾಡುತ್ತಿದ್ದೆ. ಮಧುಗಿರಿಗೆ ಕರೆಸಿದವರು ಸುಮಿತ್ರ. ಕೊರಟಗೆರೆಯಲ್ಲಿ ಶಿಕ್ಷಕಿ. ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದಿನವೂ ಹೋಗಿಬರಲು ಅವರಿಗೆ ಮಧ್ಯಮ ಗಾತ್ರದ ಎಸ್‌ಯುವಿ ಬೇಕಿತ್ತು. ಮಾರುತ್ತಿದ್ದವರು ಅವರ ಗಂಡನ ಅಣ್ಣ ರಂಗಪ್ಪ. ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದ ಮೇಲೆ ನನ್ನನ್ನು ಕರೆಸಿದ್ದು ಮನೆಯವರಿಗೆ ಹಿಡಿಸಿರಲಿಲ್ಲ.

"ಮನೆ ಗಾಡಿಗೂ ಡಾಕ್ಟ್ರನ್ನ ಕರ್ಕೊಂಡ್ಬಂದವ್ಳೆ," ಎಂದು ರಂಗಪ್ಪ ಜಗಲಿಯಿಂದಲೇ ನಕ್ಕರು. "ಅಂಗೇ ನನ್ ಬಿ.ಪಿ.ನೂ ನೋಡ್ಬುಡಮ್ಮ."

ಓಡಿಸಿ ನೋಡಿದೆ. ಹಂಪುಗಳಲ್ಲಿ ತಳ ತಾಗಲಿಲ್ಲ, ಕ್ಲಚ್ ಹಗುರವಾಗಿತ್ತು, ಹಿಂದೆ ಮೂವರು ಆರಾಮವಾಗಿ ಕೂರಬಹುದಿತ್ತು. ದಿನಬಳಕೆಗೆ ಒಳ್ಳೆಯ ಗಾಡಿಯೇ. ಅದರಿಂದ ನನ್ನ ಅನುಮಾನ ಹೆಚ್ಚಾಯಿತು. ಇಷ್ಟು ಜೋಪಾನ ಮಾಡಿದವರಿಗೆ ಆ ದೀಪ ಕಾಣದೆ ಇದ್ದೀತೆ?

ಎಡಗಡೆ ಸೀಟಿನ ಮುಂದೆ, ಏರ್‌ಬ್ಯಾಗ್ ಇರುವ ಜಾಗದ ಮೇಲೆ, ಮಖಮಲ್ ಬಟ್ಟೆ ಹಾಸಿ ಆಂಜನೇಯನ ಮೂರ್ತಿ ಕೂರಿಸಿದ್ದರು. ಈ ಕಡೆ ಬಹಳ ಗಾಡಿಗಳಲ್ಲಿ ಹೀಗೆಯೇ ಇರುತ್ತದೆ. ಅದನ್ನು ತೆಗೆಯಿರಿ ಎಂದು ಪರೀಕ್ಷಿಸುವವರು ಕೇಳುವುದಿಲ್ಲ. ನಾನು ಅಂದು ಕೇಳಿದೆ.

ರಂಗಪ್ಪನವರ ನಗು ನಿಂತಿತು. "ದೇವ್ರನ್ನ ಕೀಳ್ತಾರೇನಮ್ಮ? ನಾನು ಪಾವಗಡದಲ್ಲಿ ಗಾಡಿ ತಗೊಂಡಾಗ್ಲೇ ಇತ್ತು ಅದು. ಅವತ್ತಿಂದ ನಮ್ಮನ್ನ ಕಾಯ್ತಾ ಐತೆ."

"ಕೆಳಗೇನೈತೆ ಅಂತ ನೋಡ್ಬುಡಾಣ ಬಾವ. ನನ್ ಮಕ್ಳು ಕೂರೋ ಗಾಡಿ," ಎಂದ ಸುಮಿತ್ರ ಕೈ ತೊಳೆದು ಬಂದು, ಚಪ್ಪಲಿ ಬಿಟ್ಟು, ಮೂರ್ತಿಯನ್ನು ತಾವೇ ಬಿಡಿಸಿ ಸೆರಗಿನಲ್ಲಿ ಹಿಡಿದುಕೊಂಡರು.

ಬಟ್ಟೆಯ ಕೆಳಗೆ, ಒಡೆದ ಪ್ಲಾಸ್ಟಿಕ್‌ಗೆ ಅಂಟು ಹಾಕಿದ ಗೆರೆ ಇತ್ತು. ಗ್ಲೋವ್ ಬಾಕ್ಸ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ಜಾಗ ಖಾಲಿ. ಹಿಂದೆಂದೋ ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಕಿತ್ತು, ಹೊಸದು ಹಾಕದೆ ಮುಚ್ಚಿದ್ದರು.

ರಂಗಪ್ಪ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದರು. "ಇವ್ಳನ್ನ ದಿನಾ ಅಲ್ಲೇ ಕೂರುಸ್ಕೊಂಡು ಓಡಾಡಿದೀನಿ ಕಣಮ್ಮ," ಎಂದರು.

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ಆ ಕ್ಷಣಕ್ಕೆ ಹಾಗೆಂದರೋ, ನನಗೆ ಇಂದಿಗೂ ತಿಳಿಯದು. ಗಾಡಿಯನ್ನು ಕೊನೆಯವರೆಗೂ ಅನುಮಾನಿಸಬೇಕು, ಮನುಷ್ಯರ ಮೇಲಿನ ಅನುಮಾನವನ್ನು ವರದಿಗೆ ಸೇರಿಸಬಾರದು ಎಂಬುದನ್ನು ಈ ಕೆಲಸ ನನಗೆ ಅಂದು ಕಲಿಸಿತು.

ಮರುದಿನ ಬೆಳಿಗ್ಗೆ 'ಕೊಳ್ಳಬಾರದು' ಎಂದು ಬರೆದು ಸುಮಿತ್ರ ಅವರಿಗೆ ವರದಿ ಕಳಿಸಿದೆ. ಆಮೇಲೆ, ನನ್ನ ಕೆಲಸದ ಭಾಗವಲ್ಲದಿದ್ದರೂ, ರಂಗಪ್ಪನವರಿಗೆ ಫೋನ್ ಮಾಡಿ, ರಿಪೇರಿ ಆಗುವವರೆಗೆ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎಂದು ಹೇಳಿದೆ.