ಹಲ್ಲು ಬರುವ ಮೊದಲಿನ ಕನ್ನಡಿ

ಕಪಾಟಿನ ಕನ್ನಡಿಗೆ ಕಟ್ಟಿದ್ದ ಹಳೇ ಸೀರೆ ಬಿಚ್ಚಲು ಹೋದೆ. ಅತ್ತೆ ಬಂದು ಕೈ ಹಿಡಿದರು. ಮಗುವಿಗೆ ಹಲ್ಲು ಬರಲಿ, ಆಮೇಲೆ ತೋರಿಸು ಎಂದರು.

ಮಗನಿಗೆ ಆಗ ನಾಲ್ಕು ತಿಂಗಳು. ಅವನನ್ನು ನೋಡಿಕೊಳ್ಳಲೆಂದು ಅತ್ತೆ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಕೊಲ್ಲಿ ನಾಡಿನ ಅಲ್ ಅಜೈಬಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಹಲ್ಲಿಲ್ಲದ ಮಗು ಕನ್ನಡಿ ನೋಡಿದರೆ ಕೆಡುಕೆಂದು ಬಂದ ದಿನವೇ ಅದನ್ನು ಮುಚ್ಚಿದ್ದರು.

ನನಗೋ ಬೇರೆಯೇ ಸಂಕಟ. ಮಗು ಗಿಲಕಿಯ ಸದ್ದಿಗೆ ತಿರುಗುತ್ತಿದ್ದ, ಆದರೆ ಸುಮ್ಮನೆ ಎದುರು ನಿಂತರೆ ನನ್ನ ಮುಖ ನೋಡುತ್ತಿರಲಿಲ್ಲ...

ಕಣ್ಣಿನ ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್ ಸಿಗುವವರೆಗೆ ದಿನಾ ಮಗುವನ್ನು ಕನ್ನಡಿ ಮುಂದೆ ಹಿಡಿಯಿರಿ, ದೃಷ್ಟಿ ನಿಲ್ಲುತ್ತದೆಯೇ ಗಮನಿಸಿ ಎಂದಿದ್ದರು ಮಕ್ಕಳ ಡಾಕ್ಟರ್. ಅತ್ತೆಗೆ ಇದನ್ನು ಹೇಳಿರಲಿಲ್ಲ. ಬಾಯಿಬಿಟ್ಟರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ.

ಹಠ ಮಾಡಿ ತೋರಿಸಬಹುದಿತ್ತು. ತೋರಿಸಿ ಏನಾದರೂ ಆದರೆ? ತೋರಿಸದೆ ಏನಾದರೂ ಆದರೆ? ನಿದ್ದೆಗೆಟ್ಟ ತಲೆಗೆ ಎರಡೂ ಒಂದೇ ಥರ ಕಾಣುತ್ತಿತ್ತು.

ಮಧ್ಯಾಹ್ನ ಅವನು ಮಲಗಿದಾಗ, ಕನ್ನಡಿ ನೋಡಿದರೆ ನಿಜಕ್ಕೂ ದೋಷವೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಮೆಗತಿಯ ಡಯಲ್-ಅಪ್ಪಿನಲ್ಲಿ ತೆರೆದುಕೊಂಡಿದ್ದು ಯಹೂದಿಗಳ ಧರ್ಮಶಾಸ್ತ್ರದ ಒಂದು ಪ್ರಶ್ನೋತ್ತರ. ಗಂಡಸರು ಕನ್ನಡಿ ನೋಡಬಹುದೇ ಎಂದು ಯಾರೋ ಕೇಳಿದ್ದರು.

ಕನ್ನಡಿ ನೋಡಿ ಸಿಂಗರಿಸಿಕೊಳ್ಳುವುದು ಹೆಂಗಸರ ರೂಢಿ ಎಂದು ಹಿಂದೆ ಗಂಡಸರಿಗೆ ಅದು ನಿಷಿದ್ಧವಾಗಿತ್ತಂತೆ. ಗಂಡಸರೂ ನೋಡುವ ರೂಢಿ ಇರುವಲ್ಲಿ ದೋಷವಿಲ್ಲವಂತೆ. ನಿಷೇಧವಿದ್ದ ಕಾಲದಲ್ಲೂ ಕಣ್ಣಿನ ಬಾಧೆಯಂಥ ಕಾರಣಕ್ಕೆ ನೋಡಬಹುದಿತ್ತಂತೆ.

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಗೆ ಓದಿದ್ದನ್ನೆಲ್ಲ ಹೇಳಿದೆ.

"ಗಂಡಸರು ನೋಡ್ಲಿಕ್ಕಿಲ್ವಂತಾ? ಹಾಗಾದ್ರೆ ನಿನ್ನ ಗಂಡನನ್ನ ಅವರಲ್ಲಿಗೇ ಕಳಿಸು ಮಾರಾಯ್ತಿ. ಬೆಳಿಗ್ಗೆ ಬಾತ್‌ರೂಮಾದ್ರೂ ಖಾಲಿ ಸಿಕ್ತದೆ."

ನನಗೆ ನಗು ಬರಲಿಲ್ಲ. ಕಣ್ಣಿನ ಬಾಧೆಗಾದರೆ ನೋಡಬಹುದಂತೆ ಎಂಬುದನ್ನು ಮತ್ತೊಮ್ಮೆ ಹೇಳಿದೆ.

ಅತ್ತೆಯ ಕೈ ನಿಂತಿತು. ಯಾರ ಕಣ್ಣಿಗೆ ಏನಾಗಿದೆ ಎಂದು ಕೇಳಿದರು. ಆಗ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

"ಇದನ್ನ ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ? ಚಂದ ನೋಡ್ಲಿಕ್ಕೆ ತೋರಿಸ್ತೀ ಅಂತ ಗ್ರಹಿಸಿದೆ ನಾನು. ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀಯಲ್ಲ ಮಗಾ..."

ಕೈ ತೊಳೆದು ಬಂದು ಸೀರೆಯ ಗಂಟನ್ನು ಅವರೇ ಬಿಚ್ಚಿದರು. ಎದ್ದ ಮಗುವನ್ನು ಎತ್ತಿಕೊಂಡು ಕನ್ನಡಿ ಮುಂದೆ ನಿಂತರು.

ಮಗ ಮೊದಲು ಎಲ್ಲೆಲ್ಲೋ ನೋಡಿದ. ಆಮೇಲೆ ಅವನ ಕಣ್ಣು ಕನ್ನಡಿಯೊಳಗಿನ ಅತ್ತೆಯ ಹಣೆಯ ದೊಡ್ಡ ಕುಂಕುಮದ ಮೇಲೆ ನಿಂತಿತು. ಅತ್ತೆ ನಿಧಾನಕ್ಕೆ ತಲೆ ಆಚೆ ವಾಲಿಸಿದರು. ಕಣ್ಣೂ ಹಿಂದೆಯೇ ಹೋಯಿತು. ನಾನು ಅಲ್ಲೇ ಮಂಚದ ಮೇಲೆ ಕೂತೆ.

ಸ್ಪೆಷಲಿಸ್ಟ್ ಇನ್ನೂ ನೋಡಬೇಕು. ಭಯ ಪೂರ್ತಿ ಹೋಗಿಲ್ಲ. ಇದನ್ನು ಟೈಪ್ ಮಾಡುತ್ತಿರುವಾಗಲೂ ಅತ್ತೆ ಒಳಗೆ ಮಗನನ್ನು ಎತ್ತಿಕೊಂಡು ಕನ್ನಡಿಯತ್ತ ಹೋಗುತ್ತಿದ್ದಾರೆ, ಮದ್ದಿನ ಹೊತ್ತಾಯ್ತು ಎನ್ನುತ್ತಾ.

ಹಲ್ಲು ಬರುವ ಮೊದಲೇ ಕನ್ನಡಿ ನೋಡಿದ ಮಕ್ಕಳು ನಿಮ್ಮ ಮನೆಯಲ್ಲಿ ಇದ್ದಾರೆಯೇ... ಚೆನ್ನಾಗಿದ್ದಾರೆ ಅಲ್ಲವೇ?