ಚಂದ್ರಕಾಂತ ಸರ್ ಅವರ ಹಳೇ ಜರ್ಮನ್

ಚಂದ್ರಕಾಂತ ಸರ್ ತಮ್ಮ ಕ್ಲಾಸಿನಲ್ಲಿದ್ದ ಒಂದೊಂದು ವಸ್ತುವಿಗೂ ಬಣ್ಣದ ಚೀಟಿ ಅಂಟಿಸಿದ್ದರು. ಫ್ಯಾನಿಗೆ ನೀಲಿ, ಕುರ್ಚಿಗೆ ಕೆಂಪು, ನೀರಿನ ಕೊಡಕ್ಕೆ ಹಸಿರು. ಜರ್ಮನ್ ಭಾಷೆಯಲ್ಲಿ ಕುರ್ಚಿ, ಮೇಜಿಗೂ ಲಿಂಗವಿದೆ. ಗಂಡಾದರೆ ಡೇರ್, ಹೆಣ್ಣಾದರೆ ಡೀ, ಎರಡೂ ಅಲ್ಲದಿದ್ದರೆ ಡಾಸ್ ಎಂದು ಹೆಸರಿನ ಮುಂದೆ ಹಚ್ಚಿಯೇ ಹೇಳಬೇಕು. ನೀಲಿ, ಕೆಂಪು, ಹಸಿರು ಚೀಟಿಗಳು ಅದಕ್ಕಾಗಿಯೇ ಇದ್ದವು. ನೋಡಲು ಬಹಳ ಚೆಂದ. ಅರ್ಧಕ್ಕರ್ಧ ತಪ್ಪಿದ್ದವು, ಅಷ್ಟೇ.

ನಾನು ಕಮಲಾಪುರದವಳು, ಆಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಜರ್ಮನಿಗೆ ನರ್ಸುಗಳು ಬೇಕಾಗಿದ್ದಾರೆ, ಭಾಷೆಯ ಪರೀಕ್ಷೆ ಪಾಸಾದವರನ್ನು ಕರೆಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂದಾಗ ನಾನೂ ಗೆಳತಿ ಶಾಹೀನಳೂ ಹೋಗಲೇಬೇಕೆಂದು ಹಟ ಹಿಡಿದೆವು. ವಾರ್ಡಿನಲ್ಲಿ ಕಂಡವರೆಲ್ಲರ ಬೈಗುಳ ತಿಂದು ಸಾಕಾಗಿತ್ತು. ಇಡೀ ಊರಿನಲ್ಲಿ ನಮಗೆ ಸಿಕ್ಕ ಜರ್ಮನ್ ಕ್ಲಾಸ್ ಒಂದೇ, ಗಾಜಿಪುರದಲ್ಲಿ ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆ. ನಮ್ಮ ಹಣೆಬರಹ ಆ ಮೆಟ್ಟಿಲು ಹತ್ತಿಸಿತು.

ಸರ್ ಮಾತು ಶುರುವಾಗುತ್ತಿದ್ದುದೇ "ನಾ ಖುದ್ದ್ ಜರ್ಮನ್ ಮನಷ್ಯಾನ ಜೋಡಿ ಇದ್ದಾಂವ" ಎಂದು. ಸಂಗತಿ ಏನೆಂದರೆ, ಅವರು ಕಪನೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಜರ್ಮನಿಯಿಂದ ಒಂದು ಯಂತ್ರ ಬಂದಿತ್ತು. ಅದನ್ನು ಕೂಡಿಸಲು ಬಂದ ಫಿಟರ್‌ನ ಹಿಂದೆ ಕೆಲವು ದಿನ ಚಹಾದ ಕಪ್ಪು ಹಿಡಿದು ಓಡಾಡಿದ್ದರು. ಅವರ ಜರ್ಮನ್ ವಿದ್ಯಾಭ್ಯಾಸ ಅಲ್ಲಿ ಆರಂಭವಾಗಿ ಅಲ್ಲಿಗೇ ಮುಗಿದಿತ್ತು. ಫಿಟರ್ ಹೋದ, ಇವರು ಕೆಲಸ ಬಿಟ್ಟು ಬೋರ್ಡ್ ಹಾಕಿದರು.

ನಾನು ಊರಿನಿಂದ ಕೆಂಪು ಬಾಳೆಹಣ್ಣು ತಂದರೆ ಪಾಠ ನಿಲ್ಲುತ್ತಿತ್ತು. "ನಿಮ್ಮ ಕಮಲಾಪುರದ ಹಣ್ಣಿಗೆ ಸರಿಸಾಟಿ ಇಲ್ಲ ಬಿಡವಾ" ಎನ್ನುತ್ತ ಒಂದಾದ ಮೇಲೊಂದು ಸುಲಿಯುತ್ತಿದ್ದರು. ಬಾಯಿ ತುಂಬಿರುವಾಗಲೇ ಪಾಠವೂ ಆಗುತ್ತಿತ್ತು. "ಬಾಳೆಹಣ್ಣು ಕೆಂಪದ. ಕೆಂಪಂದ್ರ ಹೆಣ್ಣು. ಡೀ ಬನಾನೆ. ಬರ್ಕೊಳ್ರಿ." ಬಾಳೆಹಣ್ಣು ನಿಜವಾಗಿಯೂ ಡೀ. ಅವರು ಹೇಳಿದ ಕಾರಣ ಕೇಳಿದರೆ ಆ ಫಿಟರ್ ಯಂತ್ರ ಬಿಚ್ಚಿಕೊಂಡು ವಾಪಸು ಹೋಗುತ್ತಿದ್ದ.

ಅವರ ಮಹಾನ್ ಸಂಶೋಧನೆ ಬೇರೆಯೇ ಇತ್ತು. ಕನ್ನಡದಲ್ಲಿ ವಸ್ತುವೆಲ್ಲ 'ಅದು', ಅದರಿಂದ ಉಪಯೋಗವಿಲ್ಲ. ಉರ್ದುವಿನಲ್ಲಿ ಕುರ್ಚಿ ಹೆಣ್ಣು, ಬಾಗಿಲು ಗಂಡು. ಹಾಗಾಗಿ ಉರ್ದುವಿನಲ್ಲಿ ಏನಿದೆಯೋ ಜರ್ಮನ್‌ನಲ್ಲೂ ಅದೇ ಎಂದು ತೀರ್ಮಾನಿಸಿದರು. ಮನೆಮಾತು ಉರ್ದುವಾಗಿದ್ದ ಶಾಹೀನಳನ್ನು ಕೇಳಬೇಕು, ಅವಳಿಗೂ ಅನುಮಾನ ಬಂದರೆ ಎದುರು ಮನೆಯಲ್ಲಿದ್ದ ಅವಳ ನಾನಿಯನ್ನು ಕೇಳಬೇಕು. ಹೀಗೆ ಜರ್ಮನ್ ಭಾಷೆಯ ಲಿಂಗವನ್ನು ಗಾಜಿಪುರದ ಒಬ್ಬ ಅಜ್ಜಿ ಅಕ್ಕಿ ಆರಿಸುತ್ತ ನಿರ್ಧರಿಸತೊಡಗಿದಳು.

ಒಂದು ದಿನ ಕಪಾಟಿನ ಸರದಿ ಬಂತು. ಗಂಡಾದರೆ ಅಚ್ಛಾ, ಹೆಣ್ಣಾದರೆ ಅಚ್ಛೀ ಎನ್ನಬೇಕು. ಶಾಹೀನ್ ಕಿಟಕಿಯಿಂದ ಕೂಗಿದಳು, "ನಾನೀ, ಅಲಮಾರಿ ಅಚ್ಛಾ ಬೋಲ್ನಾ ಕಿ ಅಚ್ಛೀ ಬೋಲ್ನಾ?"

"ಟೂಟಿ ಪಡೀ ಹೈ ಅಲಮಾರಿ, ಅಚ್ಛೀ ಕಾಯ್ಕು ಬೋಲೂಂ?" ಎಂದು ಅಜ್ಜಿ ಬೈದಳು. ಮುರಿದು ಬಿದ್ದಿರುವ ಕಪಾಟನ್ನು ಚೆನ್ನಾಗಿದೆ ಎಂದು ಅವಳೇಕೆ ಹೇಳಿಯಾಳು?

"ಟೂಟಿ ಅಂದ್ಳು! ಹೆಣ್ಣು! ಕೆಂಪು ಹಚ್ರಿ!" ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಉರ್ದುವಿನಲ್ಲಿ ಮೂರನೆಯ ಲಿಂಗವಿಲ್ಲವಲ್ಲ ಸರ್, ಡಾಸ್ ಯಾವುದಕ್ಕೆ ಹಚ್ಚುವುದು ಎಂದು ಕೇಳಿದೆ. ಅದಕ್ಕೂ ಉತ್ತರ ಸಿದ್ಧವಿತ್ತು: "ನಾನಿ ಎಲ್ಲಿ ತಡವರಿಸ್ತಾಳ, ಅಲ್ಲಿ ಡಾಸ್."

ಶಾಹೀನ್ ಒಮ್ಮೆ ಮೊಬೈಲ್ ತೆಗೆದು, "ಸರ್, ಇದರಾಗ ಕಪಾಟು ಡೇರ್ ಅಂತ ಅದರಿ" ಎಂದಳು. ಸರ್ ಒಂಚೂರೂ ಅಳುಕಲಿಲ್ಲ. "ಅದು ಈಗಿನ ಜರ್ಮನ್ ಬೇಟಾ. ನಾ ಕಲಸೋದು ಹಳೇದು, ಖಾನದಾನಿ." ಮರುದಿನದಿಂದ ಕ್ಲಾಸಿನಲ್ಲಿ ಮೊಬೈಲ್ ಬಂದ್.

ಪರೀಕ್ಷೆ ಹೈದರಾಬಾದಿನಲ್ಲಿತ್ತು. ಆಸ್ಪತ್ರೆಯಲ್ಲಿರುವ ಗೆಳೆಯನಿಗೆ ಏನು ಒಯ್ಯೋಣ ಎಂದು ಪರೀಕ್ಷಕರೆದುರು ಜೊತೆಯವಳೊಂದಿಗೆ ಜರ್ಮನ್‌ನಲ್ಲಿ ಮಾತನಾಡಬೇಕು. ಹಗಲೂ ರಾತ್ರಿ ಆಸ್ಪತ್ರೆಯಲ್ಲೇ ಬಿದ್ದಿರುವವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕೆ? ಪುಸ್ತಕ ಒಯ್ಯೋಣ ಎನ್ನಲು ಹೋಗಿ ಅರ್ಧಕ್ಕೇ ನಿಂತೆ. ಉರ್ದುವಿನಲ್ಲಿ ಪುಸ್ತಕ ಕಿತಾಬ್, ಕಿತಾಬ್ ಹೆಣ್ಣು. ಆದರೆ ಅವತ್ತು ನಾನಿ ತಡವರಿಸಿದ್ದಳೇ? ನನ್ನ ತಲೆ ಹೈದರಾಬಾದಿನಿಂದ ಗಾಜಿಪುರದ ಆ ಕಿಟಕಿಗೆ ಓಡಿ, ಕಾದು, ಬರಿಗೈಯಲ್ಲಿ ಮರಳಿ ಬಂತು. ಎದುರಿಗಿದ್ದ ಪರೀಕ್ಷಕರು ನನ್ನ ಮುಖ ನೋಡುತ್ತ ಕುಳಿತಿದ್ದರು. ನಾನೂ ಫೇಲ್, ಶಾಹೀನಳೂ ಫೇಲ್. ಆ ಸಲ ಜರ್ಮನಿಗೆ ಹೊರಟ ತಂಡ ನಮ್ಮನ್ನು ಬಿಟ್ಟೇ ಹೋಯಿತು. ನಾನು ಬಸ್ಸಿನಲ್ಲಿ ಅತ್ತೆ.

"ನಿಂದೇನೂ ತಪ್ಪಿಲ್ಲವಾ," ಎಂದರು ಸರ್, ಕಿವಿ ಕೆರೆದುಕೊಳ್ಳುತ್ತ. "ಹೈದರಾಬಾದಿನವ್ರಿಗೆ ಹಳೇ ಜರ್ಮನ್ ತಿಳಿಯಂಗಿಲ್ಲ."

ಗೊತ್ತಿಲ್ಲದೆ ತಪ್ಪು ಹೇಳುವವರನ್ನು ನಾನು ಸಹಿಸಬಲ್ಲೆ. ಮಂದಿಯ ಬದುಕು ಕೆಟ್ಟ ಮೇಲೂ ಇಷ್ಟು ಆರಾಮಾಗಿ ಕಿವಿ ಕೆರೆದುಕೊಳ್ಳುವ ಮನುಷ್ಯನನ್ನು ಕಂಡರೆ ನನಗೆ ಹೇಸಿಗೆ. ಅವತ್ತೇ ಇಬ್ಬರೂ ಕ್ಲಾಸ್ ಬಿಟ್ಟೆವು. ಕಮಲಾಪುರದ ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲ್ ಹಿಡಿದು, ಡೇರ್ ಷ್ಟೂಲ್, ಡೀ ಟ್ಯೂರ್, ಡಾಸ್ ಬೂಖ್ ಎಂದು ಗೊಣಗುತ್ತ ಕೂಡುತ್ತಿದ್ದೆ. ಕುರ್ಚಿ ಏಕೆ ಗಂಡು, ಬಾಗಿಲು ಏಕೆ ಹೆಣ್ಣು, ಪುಸ್ತಕ ಏಕೆ ಎರಡೂ ಅಲ್ಲ ಎಂದು ಯಾರನ್ನೂ ಕೇಳಲಿಲ್ಲ. ಮನುಷ್ಯರ ಹೆಸರನ್ನು ಅಡ್ಡಹೆಸರಿನೊಂದಿಗೆ ನೆನಪಿಡುವ ಹಾಗೆ ಎರಡನ್ನೂ ಕೂಡಿಸಿಯೇ ಬಾಯಿಗೆ ತಂದುಕೊಂಡೆ. ಪಕ್ಕದಲ್ಲಿ ಕೂತವರು ಯಾವುದೋ ಮಂತ್ರವೆಂದುಕೊಂಡು ಸರಿದು ಕೂಡುತ್ತಿದ್ದರು. ಮುಂದಿನ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು.

ವೀಸಾ ಬಂದ ವಾರ ಗಾಜಿಪುರಕ್ಕೆ ಹೋದರೆ ಟೇಲರ್ ಅಂಗಡಿಯ ಮೇಲೆ ದೊಡ್ಡ ಫ್ಲೆಕ್ಸ್. ನಡುವೆ ಚಂದ್ರಕಾಂತ ಸರ್, ಅಕ್ಕಪಕ್ಕ ನಾನು ಮತ್ತು ಶಾಹೀನ್. 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿಯರು' ಎಂದು ಕೆಳಗೆ ಬರೆಸಿದ್ದರು. ಮೈಯೆಲ್ಲ ಉರಿದುಹೋಯಿತು. ಮೇಲೆ ಹತ್ತಿದೆ.

"ಸರ್, ಮೊದಲು ಆ ಫೋಟೊ ತೆಗಸ್ರಿ."

"ತೆಗಸೂಣಂತ, ಕುಂಡ್ರವಾ. ಹುಡುಗ್ಯಾರಿಗಿ ಎರಡು ಮಾತು ಹೇಳು."

ಹೊಸ ಹುಡುಗಿಯರು ಬೆಂಚು ತುಂಬಿ ಕುಳಿತಿದ್ದರು. ಒಬ್ಬಳು ಎದ್ದು, "ಅಕ್ಕಾ, ನಾನೂ ಕಮಲಾಪುರದಾಕೀನೇ. ಬರೋ ತಿಂಗಳ ನಂದು ಪರೀಕ್ಷಾ ಅದ" ಎಂದಳು. ಗೋಡೆಯ ಕಪಾಟಿನ ಮೇಲೆ ಅದೇ ಕೆಂಪು ಚೀಟಿ. ಆ ಹುಡುಗಿಯೂ ನನ್ನಂತೆಯೇ ಬಸ್ಸಿನಲ್ಲಿ ಅಳುತ್ತ ಬರುವುದು ಕಣ್ಣಿಗೆ ಕಟ್ಟಿತು. ಹೋಗಿ ಕಪಾಟಿನ ಚೀಟಿ ಕಿತ್ತೆ.

ಸರ್ ಬೆಚ್ಚಿದರು. ಮರುಗಳಿಗೆಯೇ ಪರೀಕ್ಷಕರ ಧಾಟಿ ಬಂತು. "ಹೂಂ, ಹೇಳು ನೋಡೂಣು, ಕಪಾಟು?"

"ಡೇರ್."

"ಬರೋಬ್ಬರಿ. ಬಾಗಲಾ?"

"ಡೀ."

ನಾನು ಹೇಳಿದಂತೆಲ್ಲ ಅವರ ಕೈ ಸದ್ದಿಲ್ಲದೆ ಚೀಟಿ ಬದಲಿಸುತ್ತಿತ್ತು. ಪಾಠ ಹೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗಿ ನನಗೆ ಅಸಹ್ಯವಾಯಿತು. "ನೀವು ಕುಂಡ್ರಿ ಸರ್, ನಾ ಹೇಳ್ತೀನಿ" ಎಂದೆ. ಮನುಷ್ಯ ತಕ್ಷಣ ಹೋಗಿ ಹಿಂದಿನ ಬೆಂಚಿನಲ್ಲಿ ಹುಡುಗಿಯರ ಪಕ್ಕ ಕುಳಿತರು. ಒಬ್ಬಳ ಹತ್ತಿರ ಹಾಳೆ, ಇನ್ನೊಬ್ಬಳ ಹತ್ತಿರ ಪೆನ್ನು ಇಸಿದುಕೊಂಡರು.

ಕೋಣೆಯಲ್ಲಿದ್ದುದನ್ನೆಲ್ಲ ಹೇಳಿದೆ, ಕೋಣೆಯಲ್ಲಿಲ್ಲದ್ದನ್ನೂ ಹೇಳಿದೆ. ಕಮಲಾಪುರದ ಹುಡುಗಿ ಹಳೆಯದಕ್ಕೆಲ್ಲ ಗೀಟು ಹಾಕಿ ಹೊಸದಾಗಿ ಬರೆದುಕೊಂಡಳು. ನನ್ನ ಗಂಟಲು ಒಣಗಿದಾಗ ಸರ್ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಎದ್ದು ಬಂದು ನನ್ನ ಪಕ್ಕ ನಿಂತರು.

"ನೋಡ್ರಿ," ಎಂದರು, "ನಾ ಕಲಿಸಿದ ಹಳೇ ಜರ್ಮನ್ ಒಂದಕ್ಷರ ಮರ್ತಿಲ್ಲ ಹುಡುಗಿ."

ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು, ಅವರಿಗೆ.