ಒಂಬತ್ತನೆಯ ದಿನದ ರಂಗೋಲಿ

ಅದು ಐವತ್ತೇಳನೇ ಇಸವಿ. ನಮ್ಮ ದೊಡ್ಡ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಹಾಗಾಗಿ ಇಸವಿ ಮರೆಯುವುದಿಲ್ಲ. ಆಗ ನಾವು ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಗಳು. ಪಕ್ಕದ ಮನೆ ಸರಸುದು. ಎರಡು ಮನೆಯ ನಡುವೆ ಎದೆಮಟ್ಟದ ಒಂದು ಗೋಡೆ. ನಮ್ಮಿಬ್ಬರ ಮಾತುಕತೆಯೆಲ್ಲ ಆ ಗೋಡೆಯ ಮೇಲೆಯೇ ನಡೆಯುತ್ತಿತ್ತು. ಸೌಟು, ಒಗ್ಗರಣೆ ಸೊಪ್ಪು, ಹೂವು ಎಲ್ಲ ಅಲ್ಲಿಂದಲೇ ಆಚೀಚೆ ದಾಟುತ್ತಿದ್ದವು.

ಸರಸು ನನಗಿಂತ ಐದಾರು ವರ್ಷ ಚಿಕ್ಕವಳು. ಅವಳ ಯಜಮಾನರು ಶ್ರೀಪತಿರಾಯರು, ಕಚೇರಿಯೊಂದರಲ್ಲಿ ಗುಮಾಸ್ತರು. ಮೂರು ವರ್ಷದ ಮಗ ಪುಟ್ಟು. ಸರಸು ಬಿಡುತ್ತಿದ್ದ ರಂಗೋಲಿ ನಮ್ಮ ಬೀದಿಗೇ ಹೆಸರು. ಹದಿನೈದು ಚುಕ್ಕಿ ಇಟ್ಟರೂ ಎಳೆ ಎಲ್ಲೂ ತುಂಡಾಗುತ್ತಿರಲಿಲ್ಲ. ನನ್ನದು ಸೊಟ್ಟ ಕೈ. "ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದರು, ಒಂದು ಎಳೆ ನೆಟ್ಟಗೆ ಎಳೆಯೋದು ಕಲಿಸಲಿಲ್ಲ ನೋಡು" ಎಂದು ನಮ್ಮ ಅತ್ತೆ ಆಗಾಗ ಹಂಗಿಸುತ್ತಿದ್ದರು. ಅದಕ್ಕೇ ನಾನು ಒಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದೆ. ಮಂಗಳವಾರ, ಶುಕ್ರವಾರ ಸರಸು ಬಿಟ್ಟ ರಂಗೋಲಿಯನ್ನು ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಅಭ್ಯಾಸ, ಪುಟದ ಬಲಮೂಲೆಯಲ್ಲಿ ತಾರೀಖು ಹಾಕದೆ ಪೆನ್ಸಿಲ್ ಮುಟ್ಟುತ್ತಿರಲಿಲ್ಲ.

ಎರಡನೇ ಬಾಣಂತನಕ್ಕೆ ಸರಸು ತವರಿಗೆ ಹೋಗಿ, ಐದು ತಿಂಗಳು ತುಂಬಿದ ಮೇಲೆ ಹೆಣ್ಣುಮಗುವಿನ ಜೊತೆ ವಾಪಸ್ಸು ಬಂದಳು. ಬಂದವಳು ಮೊದಲಿನಂತಿರಲಿಲ್ಲ. ಮಾತಾಡುತ್ತ ಆಡುತ್ತ ನಿಂತುಬಿಡುವಳು. ರವಿಕೆಯ ಗುಂಡಿ ಮೇಲೊಂದು ಕೆಳಗೊಂದು ಹಾಕಿಕೊಂಡಿರುವಳು. ಒಂದು ದಿನ ಗೋಡೆಯ ಮೇಲಿಂದ ಮಗುವನ್ನು ನನ್ನ ಕೈಗೆ ಕೊಟ್ಟು, "ಲೀಲಕ್ಕ, ಇದು ಉಸಿರಾಡ್ತಿದೆಯಾ, ಸ್ವಲ್ಪ ನೋಡಿ" ಅಂದಳು. ಮಗು ತನ್ನ ಮುಷ್ಟಿಯನ್ನೇ ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತು. ನಾನು ನಕ್ಕೆ. ಅವಳು ನಗಲಿಲ್ಲ. ಅತ್ತೆಗೆ ಹೇಳಿದರೆ, ಬಾಣಂತಿ ಮೈ, ನಿದ್ದೆಗೆಟ್ಟಿದ್ದಾಳೆ, ನಾಲ್ಕು ದಿನ ಹೋದರೆ ಸರಿಹೋಗುತ್ತಾಳೆ ಅಂದರು. ನನಗೂ ಹಾಗೇ ಅನ್ನಿಸಿತು.

ಒಂದು ಬುಧವಾರ ಬೆಳಿಗ್ಗೆ ನೋಡಿದರೆ ಅವರ ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಇಲ್ಲ. ಸಾವಿನ ಸೂತಕವೋ ತಿಥಿಯೋ ಇದ್ದ ಮನೆಯ ಮುಂದೆ ಮಾತ್ರ ಹಾಗೆ ಬರೀ ನೆಲ ಇರುವುದು. ಗೋಡೆಯ ಹತ್ತಿರ ಹೋಗಿ ಏನಮ್ಮ ಎಂದು ಕೇಳಿದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಹತ್ತಿರ ಬರಬೇಡಿ ಲೀಲಕ್ಕ, ನಮಗೆ ಸೂತಕ" ಅಂದಳು. ಯಾರು ಹೋದರು ಎಂದು ಬಾಯಿಗೆ ಬಂದಿತ್ತು. ಅವಳು ಆಗಲೇ ಒಳಗೆ ಹೋಗಿಬಿಟ್ಟಿದ್ದಳು.

ನಮ್ಮ ಅತ್ತೆಗೆ ಮಡಿ ಹೆಚ್ಚು. "ಅವರಾಗಿ ಹೇಳೋವರೆಗೂ ಯಾರು ಹೋದರು ಅಂತ ಕೆದಕಬಾರದು ಕಣೆ. ಹತ್ತು ದಿನ ಕಳೀಲಿ. ಹನ್ನೊಂದನೇ ದಿನ ಇಬ್ಬರೂ ಹೋಗಿ ಮಾತಾಡಿಸಿಕೊಂಡು ಬರೋಣ" ಅಂದರು. ಆ ಶುಕ್ರವಾರ ಬರೆದುಕೊಳ್ಳಲು ರಂಗೋಲಿ ಇಲ್ಲದ್ದರಿಂದ, ಪುಸ್ತಕದ ಖಾಲಿ ಪುಟದಲ್ಲಿ ತಾರೀಖು ಹಾಕಿ 'ಬುಧವಾರದಿಂದ ಸರಸು ಮನೆಗೆ ಸೂತಕ' ಎಂದು ಬರೆದಿಟ್ಟೆ.

ಆ ದಿನಗಳಲ್ಲಿ ನಾನು ನೋಡಿದ್ದನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಶ್ರೀಪತಿರಾಯರು ದಿನಾ ನುಣ್ಣಗೆ ಗಡ್ಡ ಹೆರೆದುಕೊಂಡು, ಹಣೆಗೆ ಗಂಧ ಇಟ್ಟುಕೊಂಡು ಸೈಕಲ್ ಹತ್ತಿ ಕಚೇರಿಗೆ ಹೋಗುತ್ತಿದ್ದರು. ಸೂತಕದ ಮನೆಯ ಗಂಡಸು ಕ್ಷೌರ ಮಾಡಿಕೊಳ್ಳುವುದಿಲ್ಲ, ಗಂಧ ಇಡುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಕಣ್ಣು ನೋಡಿತು, ಬುದ್ಧಿ ಕೂಡಿಸಲಿಲ್ಲ. ಹಿತ್ತಿಲ ತುಳಸಿಗೆ ಸಂಜೆ ದೀಪ ಇರುತ್ತಿರಲಿಲ್ಲ. ಸರಸು ಹಣೆಯಲ್ಲಿ ಕುಂಕುಮವಿಲ್ಲದೆ, ಕೆದರಿದ ತಲೆಯಲ್ಲಿ, ಬಾವಿಕಟ್ಟೆಯ ಹತ್ತಿರ ಚಾಪೆ ಹಾಕಿಕೊಂಡು ಒಬ್ಬಳೇ ಕೂತಿರುವಳು. ಎಂಟನೇ ದಿನ ಪುಟ್ಟು ಗೋಡೆಯ ಹತ್ತಿರ ಬಂದು, "ಲೀಲತ್ತೇ, ಚಕ್ಕುಲಿ" ಅಂದ. ಕೈಗೆ ಕೊಡದೆ ಗೋಡೆಯ ಮೇಲಿಟ್ಟೆ, ಮೈಲಿಗೆ ತಾಗದ ಹಾಗೆ. ಕಾಲು ತುದಿಯಲ್ಲಿ ನಿಂತು ತೆಗೆದುಕೊಂಡು ಓಡಿದ.

ಮಾರನೇ ದಿನ ಗುರುವಾರ. ಹನ್ನೊಂದು ಗಂಟೆ ಇರಬಹುದು. ಬೀದಿಗೆ ಬಂದ ಸೊಪ್ಪಿನವಳನ್ನು ಕೂಗಲು ಹೊರಗೆ ಬಂದರೆ, ಸರಸು ಬಾಗಿಲ ಮುಂದೆ ಕೂತು ರಂಗೋಲಿ ಬಿಡುತ್ತಿದ್ದಾಳೆ. ನನಗೆ ಆದದ್ದು ಸಂತೋಷ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ನಿಜ. ಸದ್ಯ, ಸೂತಕ ಕಳೆಯಿತು ಅಂದುಕೊಂಡೆ. ಆಮೇಲೆ ಬೆರಳು ಮಡಿಸಿ ಎಣಿಸಿದೆ. ಒಂಬತ್ತೇ ದಿನ. ಹತ್ತಿರ ಹೋದೆ. ಅವಳ ಸೀರೆ ಸೊಂಟದವರೆಗೆ ಒದ್ದೆ. ನೆರಿಗೆಯಿಂದ ನೀರು ತೊಟ್ಟಿಕ್ಕಿ ರಂಗೋಲಿಯ ಒಂದು ಮೂಲೆ ಕರಗುತ್ತಿತ್ತು. ಅದನ್ನು ಅವಳು ಮತ್ತೆ ಮತ್ತೆ ತಿದ್ದುತ್ತಿದ್ದಳು.

"ಮುಗೀತು ಲೀಲಕ್ಕ" ಅಂದಳು, ತಲೆ ಎತ್ತದೆ. "ಈಗ ಒಳಗೆ ಬನ್ನಿ."

ಹೋದೆ. ತೊಟ್ಟಿಲು ಖಾಲಿ. ಪುಟ್ಟುವಿನ ಅಂಗಿ ಮಡಿಸಿ ಚಾಪೆಯ ಮೇಲಿಟ್ಟಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ಬಾವಿಯ ತನಕ ನಾನು ಹೋಗಲಿಲ್ಲ, ಹೋಗಬೇಕಾಗಲಿಲ್ಲ. ಹೇಗೆ ಕೂಗಿದೆನೋ, ಯಾರು ಯಾರು ಬಂದರೋ ನೆನಪಿಲ್ಲ. ಎರಡು ಮಕ್ಕಳನ್ನೂ ಮೇಲಕ್ಕೆ ತರುವ ಹೊತ್ತಿಗೆ ಆಗುವಂಥದ್ದೇನೂ ಉಳಿದಿರಲಿಲ್ಲ. ಪೊಲೀಸರು ಬಂದಾಗ ಸರಸು ಎದ್ದು ನಿಂತು, ರಂಗೋಲಿ ತುಳಿಯಬೇಡಿ ಎಂದು ಬೇಡಿಕೊಂಡಳು. ಮಕ್ಕಳು ಎಂದೋ ಹೋಗಿದ್ದರು, ಅವರ ಕಾರ್ಯ ಮಾಡಿ ಮುಗಿಸಿದೆ, ಅಷ್ಟೇ ಎಂದು ಅವರಿಗೆ ಹೇಳಿದಳು.

ನಾಲ್ಕೈದು ತಿಂಗಳ ಮೇಲೆ ಅವಳ ಪರವಾದ ವಕೀಲರು ನಮ್ಮ ಮನೆಗೆ ಬಂದರು. ಇನ್ನೂ ಚಿಕ್ಕ ವಯಸ್ಸು. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. "ಮಾಡಿದ್ದು ಆಕೆಯೇ, ಅದರಲ್ಲಿ ವಾದ ಇಲ್ಲ ತಾಯಿ. ಏನು ಮಾಡ್ತಿದೀನಿ ಅನ್ನೋ ಅರಿವು ಆಗ ಆಕೆಗಿತ್ತಾ, ಅದೊಂದೇ ಪ್ರಶ್ನೆ. ಇತ್ತು ಅಂದರೆ ನೇಣೋ ಜೀವಾವಧಿಯೋ. ಇರಲಿಲ್ಲ ಅಂದರೆ ಆಸ್ಪತ್ರೆ" ಅಂದರು. ಪುಟ್ಟು ಹುಟ್ಟಿದಾಗಲೂ ಸರಸು ಎರಡು ತಿಂಗಳು ಹೀಗೇ ಆಗಿದ್ದಳಂತೆ. ತವರಿನಲ್ಲೇ ಇಟ್ಟುಕೊಂಡು, ತಾಯಿತ ಕಟ್ಟಿಸಿ, ಸುದ್ದಿ ಹೊರಗೆ ಬಿಟ್ಟಿರಲಿಲ್ಲ. ಶ್ರೀಪತಿರಾಯರಿಗೆ ಮದುವೆಗೆ ಬಂದ ತಂಗಿಯಿದ್ದಳು. ಹುಚ್ಚಿನ ಮನೆ ಅನ್ನಿಸಿಕೊಂಡರೆ ಅವಳ ಗತಿ ಏನು ಎಂದು ಅವರು ಈಗಲೂ ಬಾಯಿ ಬಿಡುತ್ತಿರಲಿಲ್ಲ. ಪೊಲೀಸರ ಪ್ರಕಾರ ಆಕೆ ಅಡಿಗೆ ಮಾಡುತ್ತಿದ್ದಳು, ಬಾಗಿಲು ಸಾರಿಸುತ್ತಿದ್ದಳು, ಎಲ್ಲ ಸರಿಯಾಗೇ ಇದ್ದಳು.

ನಾನು ಎದ್ದು ಹೋಗಿ ರಂಗೋಲಿ ಪುಸ್ತಕ ತಂದುಕೊಟ್ಟೆ. ಖಾಲಿ ಪುಟ, ಮೂಲೆಯ ತಾರೀಖು, ಸೂತಕ ಎಂಬ ಮಾತು. ವಕೀಲರು ಕಾಫಿ ಲೋಟ ಕೆಳಗಿಟ್ಟು ನೋಡಿದರು. ಇದು ಎರಡು ಕಡೆಗೂ ಕೊಯ್ಯುತ್ತದೆ ಅಂದರು. ಆ ಸೂತಕವನ್ನು ಆಕೆ ನಿಜವೆಂದೇ ನಂಬಿದ್ದಳು ಎಂದಾದರೆ ಆಸ್ಪತ್ರೆ. ನೆರೆಹೊರೆಯವರು ಒಳಗೆ ಬರದಿರಲಿ ಅಂತಲೇ ಆಕೆ ಮೊದಲೇ ಸೂತಕದ ಸುಳ್ಳು ಹೇಳಿದ್ದಳು ಎಂದು ಸರ್ಕಾರದ ಕಡೆಯವರು ಹಿಡಿದರೆ ನೇಣೇ.

ಕೋರ್ಟಿಗೆ ಹೋಗುವುದು ಅತ್ತೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತಿದವರಲ್ಲ ಅಂದರು. ನಮ್ಮ ಯಜಮಾನರು ಸಾಕ್ಷಿಯ ದಿನ ಕಚೇರಿಗೆ ರಜೆ ಹಾಕಿ, "ನಡಿ, ನಾನೂ ಬರ್ತೀನಿ" ಅಂದರು.

ಕಟಕಟೆಯಲ್ಲಿ ಸರಸು ಜೈಲಿನ ಬಿಳಿ ಸೀರೆ ಉಟ್ಟು ನಿಂತಿದ್ದಳು. ಬಲಗೈಯ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತಲೇ ಇದ್ದವು, ರಂಗೋಲಿ ಪುಡಿ ಬಿಡುವ ಹಾಗೆ. ನಾನು ಕಂಡದ್ದನ್ನೆಲ್ಲ ಹೇಳಿದೆ. ಸರ್ಕಾರಿ ವಕೀಲರು ಹಿರಿಯರು, ಗೌರವದಿಂದಲೇ ಕೇಳಿದರು. ಯಾರೂ ಸಾಯದೆ ಸೂತಕ ಅಂದರೆ ಅದು ಸುಳ್ಳು ತಾನೇ ಎಂದರು.

"ಸುಳ್ಳು ಸೂತಕ ಆದರೆ ನಮ್ಮೆದುರಿಗೆ ಮಾತ್ರ ಹಿಡೀಬೇಕಿತ್ತು ಸ್ವಾಮಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅವಳು ಹಿತ್ತಿಲಲ್ಲಿ, ಯಾರೂ ನೋಡದೇ ಇರುವಾಗಲೂ ಹಿಡಿದಿದ್ದಳು. ತುಳಸಿಗೆ ದೀಪ ಇಡಲಿಲ್ಲ. ಕುಂಕುಮ ಇಡಲಿಲ್ಲ. ನಾನು ನೋಡ್ತಿದೀನಿ ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳ ಪಾಲಿಗೆ ಮಕ್ಕಳು ಆ ಬುಧವಾರವೇ ಹೋಗಿದ್ದರು."

ಅವರು ಕಾಗದ ತಿರುವಿದರು. ಆಮೇಲೆ ಕೇಳಿದರು. "ಇಷ್ಟೆಲ್ಲ ನೋಡಿದಿರಲ್ಲಮ್ಮ. ಒಂದು ಸಲ ಒಳಗೆ ಹೋಗಿ ಯಾಕೆ ವಿಚಾರಿಸಲಿಲ್ಲ?"

"ಸೂತಕದ ಮನೆ ಅಂತ ಹೋಗಲಿಲ್ಲ" ಅಂದೆ. ಕೋರ್ಟಿನ ಗುಮಾಸ್ತರು ಅದನ್ನೂ ಬರೆದುಕೊಂಡರು.

ಜೈಲಿನಲ್ಲಿ ಅವಳನ್ನು ಪರೀಕ್ಷಿಸಿದ್ದ ಡಾಕ್ಟರೂ ಹೇಳಿಕೆ ಕೊಟ್ಟರು. ಕೊನೆಗೆ ಶ್ರೀಪತಿರಾಯರೂ ತಲೆ ತಗ್ಗಿಸಿಕೊಂಡು ಮೊದಲ ಬಾಣಂತನದ ವಿಷಯ ಒಪ್ಪಿಕೊಂಡರು. ಮಾಡಿದ್ದು ನಿಜ, ಆದರೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಆದ್ದರಿಂದ ಅಪರಾಧಿಯಲ್ಲ ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಸರಸುವನ್ನು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಅಪರಾಧಿಯಲ್ಲ ಎಂಬ ಮಾತು ಕೇಳಿದಾಗ ಅವಳು ಸುತ್ತ ನೋಡಿದಳು, ಯಾರ ಬಗ್ಗೆ ಹೇಳುತ್ತಿದ್ದಾರೆ ಅನ್ನುವ ಹಾಗೆ. ಅವಳಿಗೆ ಬುದ್ಧಿ ತಿಳಿಯಾಗುವ ದಿನ ಬಂದರೆ ಅಂದು ಏನಾಗುತ್ತದೋ ಎಂದು ನನಗೆ ಅಲ್ಲೇ ಹೆದರಿಕೆಯಾಯಿತು.

ಆ ದಿನ ಬಂತು. ನಾಲ್ಕು ವರ್ಷದ ಮೇಲೆ ಅವಳ ಅಣ್ಣ ಅವಳನ್ನು ತಮ್ಮ ಮನೆಗೆ ಕರೆತಂದಿದ್ದಾರೆಂದು ತಿಳಿದು ನೋಡಲು ಹೋದೆ. ಕೂದಲು ಅರ್ಧ ನರೆತಿತ್ತು. ಗುಂಡಿಗಳೆಲ್ಲ ಸರಿಯಾಗಿದ್ದವು. ನನ್ನ ಕೈ ಹಿಡಿದುಕೊಂಡು ಕೂತಳು. ಆಮೇಲೆ ಕೇಳಿದ್ದು ಒಂದೇ ಮಾತು. "ಲೀಲಕ್ಕ, ಹಿಂದಿನ ದಿನ ಪುಟ್ಟು ಏನಾದರೂ ತಿಂದಿದ್ದನಾ? ನನಗೆ ನೆನಪಾಗ್ತಾ ಇಲ್ಲ." ಚಕ್ಕುಲಿ ಕೊಟ್ಟಿದ್ದೆ ಅಂದೆ. ಹೌದಾ ಅಂದಳು, ಮತ್ತೆ ಹೌದಾ ಅಂದಳು. ಗೋಡೆಯ ಮೇಲಿಟ್ಟು ಕೊಟ್ಟೆ ಎನ್ನುವುದನ್ನು ನಾನು ಹೇಳಲಿಲ್ಲ.

ಪುಸ್ತಕ ಕೋರ್ಟಿನಿಂದ ವಾಪಸ್ಸು ಬಂದಿದೆ. ಖಾಲಿ ಪುಟದ ಮೇಲೆ ಕೆಂಪು ಶಾಯಿಯ ನಂಬರು, ಒಂದು ಮೊಹರು. ಅದರಲ್ಲಿ ನಾನು ಮತ್ತೆ ಏನೂ ಬರೆದಿಲ್ಲ. ಈಗ ಯಾರ ಮನೆಯ ಮುಂದೆ ರಂಗೋಲಿ ಇಲ್ಲದಿದ್ದರೂ ಹೋಗಿ ಬಾಗಿಲು ತಟ್ಟುತ್ತೇನೆ. ಕೆಲವರು ಬೇಸರಪಟ್ಟುಕೊಳ್ಳುತ್ತಾರೆ. ಅತ್ತೆ ಮೊದಲು ಗೊಣಗುತ್ತಿದ್ದರು, ಈಗ ನಾನು ಹೊರಟರೆ ಸುಮ್ಮನೆ ಹಂಡೆಗೆ ನೀರು ತುಂಬಿಸಿ ಒಲೆ ಹಚ್ಚುತ್ತಾರೆ. ಸೂತಕದ ಮನೆ ಹೊಕ್ಕು ಬಂದರೆ ಮಾಡಬೇಕಾದ್ದು ಒಂದು ತಲೆಸ್ನಾನ. ಅವತ್ತೂ ಅಷ್ಟೇ ಇದ್ದದ್ದು.